ಬರುವ ವರ್ಷದ ಮಾತು

ಆಟ ಮುಗಿದ ಮೇಲೆ ಆರಂಭವಾಗುವ ಆಟವೊಂದುಂಟು. ಅದಕ್ಕೆ ಬಯಲು ಬೇಡ, ತೀರ್ಪುಗಾರ ಬೇಡ, ಕಾಲದ ಕಟ್ಟಳೆಯೂ ಇಲ್ಲ. ನಾಲ್ಕು ಜನ, ಒಂದಿಷ್ಟು ಬಿಡುವು, ‘ಬರುವ ವರ್ಷ’ ಎಂಬ ಎರಡು ಪದ, ಇಷ್ಟಿದ್ದರೆ ಸಾಕು. ಆಟವಿರುವ ದೇಶಗಳಲ್ಲೆಲ್ಲ ಈ ಎರಡನೆಯ ಆಟವೂ ಇದ್ದೇ ಇರುತ್ತದೆ. ಆದರೆ ಕೆನಡದಲ್ಲಿ ಅದು ಪಡೆದಿರುವ ಆಳ ಬೇರೆಡೆ ಅಪರೂಪವೆಂದು ನನ್ನ ಭಾವನೆ. ಅಲ್ಲಿ ಹಾಕಿಯ ಋತು ಜೂನ್ ತಿಂಗಳಲ್ಲಿ ಮುಗಿದು ಅಕ್ಟೋಬರಿನಲ್ಲಿ ಮತ್ತೆ ಮೊದಲಾಗುತ್ತದೆ. ನಡುವಣ ಬೇಸಗೆಯುದ್ದಕ್ಕೂ ಆ ಜನ ಒಂದೇ ಪ್ರಶ್ನೆಯನ್ನು ಮಗುಚಿ ಮಗುಚಿ ನೋಡುತ್ತಾರೆ: “ನಮ್ಮ ತಂಡಗಳಲ್ಲಿ ಬರುವ ವರ್ಷ ಯಾವುದು ಮೇಲಾದೀತು?”

ಹಾಕಿ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಹಸುರು ಬಯಲು, ಬಿಳಿಯ ಚೆಂಡು, ಮನೆತನಕ್ಕೊಂದು ತಂಡ ಕಟ್ಟಿ ಆಡುವ ನಮ್ಮ ಕೊಡಗಿನ ಉತ್ಸವ. ಕೆನಡದಲ್ಲಿ ಬರಿಯ ‘ಹಾಕಿ’ ಎಂದರೆ ಮಂಜುಗಡ್ಡೆಯ ಮೇಲಿನ ಆಟ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟು, ಕೈಯಲ್ಲಿ ತುದಿ ಬಾಗಿದ ಕೋಲು, ಚೆಂಡಿನ ಬದಲು ‘ಪಕ್’ ಎಂಬ ಕಪ್ಪು ರಬ್ಬರಿನ ಬಿಲ್ಲೆ. ಗೋಲ್‌ಕೀಪರನೂ ಸೇರಿ ಪಕ್ಷಕ್ಕೆ ಆರು ಜನ. ಇಪ್ಪತ್ತಿಪ್ಪತ್ತು ನಿಮಿಷಗಳ ಮೂರು ಭಾಗ. ವೇಗವೋ, ಕಣ್ಣು ಹಿಂಬಾಲಿಸಲಾರದಷ್ಟು.

ಈ ಆಟದ ದೊಡ್ಡ ಗೌರವ ಒಂದು ಬೆಳ್ಳಿಯ ಬಟ್ಟಲು. ಬ್ರಿಟಿಷ್ ದೊರೆತನದ ಪರವಾಗಿ ಕೆನಡದಲ್ಲಿ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಅದನ್ನು ದಾನವಾಗಿತ್ತನು; 1893ರಲ್ಲಿ ಮಾಂಟ್ರಿಯಲ್ ನಗರದ ತಂಡವೊಂದು ಅದನ್ನು ಮೊದಲು ಪಡೆಯಿತು. 1917ರ ನವೆಂಬರಿನಲ್ಲಿ ಅದೇ ಮಾಂಟ್ರಿಯಲ್ಲಿನ ಹೋಟೆಲೊಂದರಲ್ಲಿ ನ್ಯಾಷನಲ್ ಹಾಕಿ ಲೀಗ್ ಹುಟ್ಟಿತು. ಹುಟ್ಟಿದಾಗ ಅದರ ತಂಡಗಳೆಲ್ಲ ಕೆನಡದವೇ. 2025ರ ಹೊತ್ತಿಗೆ 32 ತಂಡಗಳ ಪೈಕಿ ಕೆನಡಕ್ಕೆ ಉಳಿದಿದ್ದವು ಏಳು: ಮಾಂಟ್ರಿಯಲ್, ಟೊರಾಂಟೊ, ಒಟ್ಟಾವ, ವಿನಿಪೆಗ್, ಕ್ಯಾಲ್ಗರಿ, ಎಡ್ಮಂಟನ್, ವ್ಯಾಂಕೂವರ್. ಮಿಕ್ಕ ಇಪ್ಪತ್ತೈದೂ ಅಮೆರಿಕದ ಸಂಯುಕ್ತ ಸಂಸ್ಥಾನದವು. ಮಗಳನ್ನು ಕೊಟ್ಟ ಮನೆಯಲ್ಲಿ ತವರಿನವರು ಅತಿಥಿಗಳಾದಂತೆ, ತಾವು ಕಟ್ಟಿದ ಲೀಗಿನಲ್ಲಿ ಕೆನಡದವರು ಅಲ್ಪಸಂಖ್ಯಾತರು.

ಅದೂ ಹೋಗಲಿ ಎಂದರೆ ಗೆಲುವಿನ ಲೆಕ್ಕ ಇನ್ನೂ ಕಠಿನವಾಗಿದೆ. 1993ರಲ್ಲಿ ಮಾಂಟ್ರಿಯಲ್ ತಂಡ ಸ್ಟ್ಯಾನ್ಲಿ ಬಟ್ಟಲನ್ನು ಗೆದ್ದಿತು. ಮುಂದಿನ ವರ್ಷದಿಂದ 2025ರ ವರೆಗೆ ಪಂದ್ಯಾವಳಿ 31 ಸಲ ನಡೆಯಿತು. (2005ರಲ್ಲಿ ಮಾಲಿಕರಿಗೂ ಆಟಗಾರರಿಗೂ ಹಣದ ವಿಷಯದಲ್ಲಿ ವ್ಯಾಜ್ಯ ಬಲಿತು ಇಡೀ ಋತುವೇ ರದ್ದಾಯಿತು.) ಆ 31 ಸಲವೂ ಬಟ್ಟಲು ಅಮೆರಿಕದ ತಂಡಗಳ ಪಾಲಾಯಿತು. ಕೆನಡದ ತಂಡಗಳು ಕೊನೆಯ ಸುತ್ತನ್ನು ಮುಟ್ಟಲೇ ಇಲ್ಲವೆಂದಲ್ಲ; ಎಂಟು ಸಲ ಮುಟ್ಟಿದವು, ಎಂಟು ಸಲವೂ ಸೋತವು. ಏಳು ಪಂದ್ಯಗಳ ಆ ಹಣಾಹಣಿಯಲ್ಲಿ ಐದು ಸಲ ಸೋಲು ಬಂದದ್ದು ಏಳನೆಯ ಪಂದ್ಯದಲ್ಲಿ: 1994ರಲ್ಲಿ ವ್ಯಾಂಕೂವರ್, 2004ರಲ್ಲಿ ಕ್ಯಾಲ್ಗರಿ, 2006ರಲ್ಲಿ ಎಡ್ಮಂಟನ್, 2011ರಲ್ಲಿ ಮರಳಿ ವ್ಯಾಂಕೂವರ್, 2024ರಲ್ಲಿ ಮರಳಿ ಎಡ್ಮಂಟನ್. ತಂಡಗಳೆಲ್ಲ ಸಮಬಲವೆಂದೂ ಐದರಲ್ಲೊಂದು ಕೆನಡದ್ದೆಂದೂ ಇಟ್ಟುಕೊಂಡು ಗುಣಿಸಿದರೆ, 31 ಸಲ ಹೀಗೆ ಬರಿಗೈಯಾಗುವ ಸಂಭವ ಸಾವಿರಕ್ಕೆ ಒಂದು. ಆ ಸಾವಿರದಲ್ಲೊಂದು ಇವರ ಪಾಲಿಗೇ ಬಂದಿತು. 2016ರಲ್ಲಂತೂ ಏಳರಲ್ಲಿ ಒಂದು ತಂಡವೂ ಅಂತಿಮ ಹಂತದ ಹದಿನಾರರೊಳಗೆ ಸೇರಲಿಲ್ಲ. ಬೆಂಗಳೂರಿನವರು 2008ರಿಂದ 2025ರ ವರೆಗೆ ಹದಿನೆಂಟು ಋತು ಕಾದ ನೆನಪು ನಮಗಿನ್ನೂ ಹಸಿಯಾಗಿರುವುದರಿಂದ, ಕಾಯುವುದೆಂದರೇನೆಂದು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಹೀಗಿರುವಲ್ಲಿ ಆ ಜನ ‘ಬರುವ ವರ್ಷ’ ಎಂಬ ಮಾತನ್ನು ಯಾವ ಮುಖದಿಂದ ಎತ್ತುತ್ತಾರೆ? ಕುತೂಹಲಕ್ಕೆ ಉತ್ತರ ಸಿಕ್ಕಿದ್ದು 2025ರ ಜುಲೈಯಲ್ಲಿ. ರಜೆಯಲ್ಲಿ ಕೆಲವು ವಾರ ಅಕ್ಕನ ಮನೆಯಲ್ಲಿದ್ದೆ. ಟೊರಾಂಟೊ ನಗರಕ್ಕೆ ಅಂಟಿಕೊಂಡಿರುವ ಮಿಸ್ಸಿಸಾಗದಲ್ಲಿ ಅವರ ವಾಸ. ಶನಿವಾರ ಸಂಜೆ ಭಾವನ ಸ್ನೇಹಿತರು ನಾಲ್ಕಾರು ಜನ ಹಿತ್ತಲಿನಲ್ಲಿ ಸೇರುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ಪಕ್ಷ. ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು, ತರ್ಕಶಾಸ್ತ್ರದ ತರಗತಿಗೆ ತಪ್ಪಿ ಬಂದ ಹಳೆಗನ್ನಡದ ಮೇಷ್ಟರಂತೆ ಕೇಳುತ್ತಿದ್ದೆ.

ಎಡ್ಮಂಟನ್ನಿನ ಪರವಾಗಿ ವಾದಿಸುತ್ತಿದ್ದವರು ಒಬ್ಬ ಇಂಜಿನಿಯರು. ತಮ್ಮ ತಂಡ 2024 ಮತ್ತು 2025 ಎರಡು ವರ್ಷವೂ ಕೊನೆಯ ಸುತ್ತಿಗೆ ಬಂದು ಫ್ಲಾರಿಡದ ಒಂದೇ ತಂಡಕ್ಕೆ ಸೋತಿದೆ. ಬಾಗಿಲವರೆಗೆ ಎರಡು ಸಲ ಬಂದವನು ಮೂರನೆಯ ಸಲ ಒಳಗೆ ಕಾಲಿಟ್ಟಾನು ಎಂಬುದು ಅವರ ನಿಲುವು. ಕಾನರ್ ಮೆಕ್‌ಡೇವಿಡ್ ತಮ್ಮವನೆಂಬುದು ಅವರ ಬ್ರಹ್ಮಾಸ್ತ್ರ. 2024ರಲ್ಲಿ ಸೋತ ಪಕ್ಷದಲ್ಲಿದ್ದೂ ಆ ಪಂದ್ಯಾವಳಿಯ ಶ್ರೇಷ್ಠ ಆಟಗಾರನೆಂದು ಗೌರವ ಪಡೆದ ಆತ, ಅದನ್ನು ಸ್ವೀಕರಿಸಲು ಮಂಜಿನ ಮೇಲಕ್ಕೆ ಬರಲೇ ಇಲ್ಲವೆಂಬುದನ್ನು ಅವರು ಪುರಾಣದ ಪ್ರಸಂಗವನ್ನು ಹೇಳುವಂತೆ ಹೇಳುತ್ತಿದ್ದರು. ವಿನಿಪೆಗ್ಗಿನಿಂದ ಬಂದಿದ್ದ ನರ್ಸ್ ಒಬ್ಬಾಕೆ ಅಂಕಪಟ್ಟಿಯನ್ನೇ ಮುಂದಿಡುತ್ತಿದ್ದಳು: ಆ ವರ್ಷ 116 ಅಂಕ ಗಳಿಸಿ ಇಡೀ ಲೀಗಿನಲ್ಲಿ ಮೊದಲಾದದ್ದು ತಮ್ಮ ತಂಡವೇ, ಲೀಗಿನ ಶ್ರೇಷ್ಠ ಆಟಗಾರನೆಂಬ ಗೌರವವೂ ತಮ್ಮ ಗೋಲ್‌ಕೀಪರ್ ಹೆಲೆಬಕ್ಕನಿಗೇ ಬಂದಿದೆ, ಇನ್ನೇನು ಬೇಕು? “ಎರಡನೆಯ ಸುತ್ತಿನಲ್ಲಿ ಡಲ್ಲಸ್ಸಿಗೆ ಸೋಲದೆ ಇರುವುದು ಬೇಕು” ಎಂದು ಇಂಜಿನಿಯರು ಚುಚ್ಚುವರು. ಮಾಂಟ್ರಿಯಲ್ಲಿನ ಫ್ರೆಂಚ್ ಉಪಾಧ್ಯಾಯರು ತಮ್ಮ ತಂಡದ ಎಳೆಯ ಆಟಗಾರರ ಹೆಸರನ್ನು ಸಸಿಗಳನ್ನು ತೋರಿಸುವ ತೋಟಗಾರನ ಹೆಮ್ಮೆಯಿಂದ ಹೇಳುವರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರನ ಪ್ರಶಸ್ತಿ ಲೇನ್ ಹಟ್ಸನ್ ಎಂಬ ಅವರ ಹುಡುಗನಿಗೇ ದೊರೆತಿತ್ತು. ಕ್ಯಾಲ್ಗರಿಯವರೊಬ್ಬರು, ತಾವೂ 96, ಸೈಂಟ್ ಲೂಯಿಯವರೂ 96 ಅಂಕ ಪಡೆದಿದ್ದರೂ ನಿಯಮದ ಕೂದಲೆಳೆಯಲ್ಲಿ ತಮ್ಮನ್ನು ಹೊರಗಿಟ್ಟರೆಂದು ನಿಟ್ಟುಸಿರಿಡುವರು. ಟೊರಾಂಟೊದ ಕಡೆಯವನಾದ ನನ್ನ ಭಾವ ಸುಮ್ಮನಿರುತ್ತಿದ್ದ. ಅವನ ತಂಡದ ಮಿಚ್ ಮಾರ್ನರ್ ಎಂಬ ನಿಪುಣ ಆಗತಾನೆ ಲಾಸ್ ವೇಗಸ್ಸಿಗೆ ಹೊರಟುಹೋಗಿದ್ದ.

ಎರಡು ಸಂಜೆ ಕೇಳಿದ ಮೇಲೆ ನನಗೊಂದು ಹೊಳೆಯಿತು. ಇವರಲ್ಲಿ ಯಾರೂ ಬರುವ ವರ್ಷದ ಮಾತನ್ನಾಡುತ್ತಿರಲಿಲ್ಲ. ಎಲ್ಲರೂ ಆಡುತ್ತಿದ್ದುದು ಹೋದ ವರ್ಷಗಳ ಮಾತು. ವ್ಯಾಕರಣದಲ್ಲಿ ಭವಿಷ್ಯತ್ಕಾಲದ ಕ್ರಿಯಾಪದ, ಅರ್ಥದಲ್ಲಿ ಭೂತಕಾಲ. ತಂಡಕ್ಕಾಗಿ ಒಡ್ಡಿದ ಒಂದೊಂದು ವಾದದ ಹಿಂದೆಯೂ ಒಂದು ಊರಿನ ನೆನಪು ನಿಂತಿತ್ತು.

ಮಾಂಟ್ರಿಯಲ್ಲಿನವರ ನೆನಪು ದೊಡ್ಡದು. 24 ಸಲ ಬಟ್ಟಲನ್ನು ಗೆದ್ದ ತಂಡ ಅವರದು. ಅಷ್ಟನ್ನು ಬೇರೆ ಯಾರೂ ಗೆದ್ದಿಲ್ಲ. ಆದರೆ ಅವರು ಗೆಲುವಿಗಿಂತ ಹೆಚ್ಚಾಗಿ ನೆನೆಯುವುದು ಒಂದು ಅವಮಾನವನ್ನು. ಅವರ ಮೋರಿಸ್ ರಿಷಾರ್, 1944–45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದವನು, ಫ್ರೆಂಚ್ ಮಾತಿನ ಬಡವರ ಮನೆಯ ಮಗ. 1955ರ ಮಾರ್ಚಿಯಲ್ಲಿ ಪಂದ್ಯದ ನಡುವೆ ಹೊಡೆದಾಡಿ ಅಧಿಕಾರಿಯೊಬ್ಬನನ್ನೂ ಹೊಡೆದನೆಂದು ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಬೆಲ್ ಆತನನ್ನು ಆ ಋತುವಿನ ಉಳಿದ ಪಂದ್ಯಗಳೆಲ್ಲದರಿಂದಲೂ ಹೊರಗಿಟ್ಟನು. ತಪ್ಪು ತಪ್ಪೇ, ಆದರೆ ಇಂಗ್ಲಿಷರ ಮುಂದೆ ತಲೆತಗ್ಗಿಸಿ ದುಡಿಯುತ್ತಿದ್ದ ಜನಕ್ಕೆ ಶಿಕ್ಷೆ ಒಬ್ಬ ಆಟಗಾರನಿಗೆ ಬಿದ್ದಂತೆ ಕಾಣಲಿಲ್ಲ, ತಮ್ಮ ಮಾತಿಗೆ ಬಿದ್ದಂತೆ ಕಂಡಿತು. ಮಾರ್ಚಿ 17ರ ರಾತ್ರಿ ನಗರದ ಬೀದಿಗಳಲ್ಲಿ ದಂಗೆಯಾಯಿತು. 2000ದಲ್ಲಿ ರಿಷಾರ್ ತೀರಿಕೊಂಡಾಗ ಕ್ವಿಬೆಕ್ ಪ್ರಾಂತದ ಸರಕಾರ ರಾಜಗೌರವದಿಂದ ಅಂತ್ಯಕ್ರಿಯೆ ನಡೆಸಿತು. ಭಾಷೆಯೊಂದು ತನ್ನ ಮಾನವನ್ನು ಕವಿಗಳ ಕೈಯಲ್ಲಿ ಮಾತ್ರವಲ್ಲ, ಸ್ಕೇಟು ತೊಟ್ಟವನ ಕಾಲಿನಲ್ಲೂ ಇಟ್ಟಿರಬಲ್ಲುದು ಎಂಬುದನ್ನು ಭಾಷೆಯ ಅಧ್ಯಾಪಕನಾದ ನಾನು ಈ ವೃತ್ತಾಂತದಿಂದ ಕಲಿತೆ.

ಟೊರಾಂಟೊದವರ ನೆನಪು 1967ರಲ್ಲಿ ನಿಂತಿದೆ. ಕೆನಡ ಒಕ್ಕೂಟಕ್ಕೆ ನೂರು ತುಂಬಿದ ಆ ವರ್ಷ ಅವರು ಮಾಂಟ್ರಿಯಲ್ಲನ್ನೇ ಸೋಲಿಸಿ ಬಟ್ಟಲು ಗೆದ್ದರು. ಅದು ಹದಿಮೂರನೆಯದು; ಹದಿನಾಲ್ಕನೆಯದು 2025ರ ವರೆಗೂ ಬರಲಿಲ್ಲ. ಇನ್ನು ಎಡ್ಮಂಟನ್ನಿನವರಿಗೆ ವೇಯ್ನ್ ಗ್ರೆಟ್ಸ್ಕಿಯೇ ಶಕಪುರುಷ. ಆತನಿದ್ದಾಗ 1984, 85, 87, 88ರಲ್ಲಿ ನಾಲ್ಕು ಬಟ್ಟಲು. 1988ರ ಆಗಸ್ಟ್ 9ರಂದು ಮಾಲಿಕ ಆತನನ್ನು ಲಾಸ್ ಏಂಜಲಿಸ್ಸಿಗೆ ಕೊಟ್ಟುಬಿಟ್ಟಾಗ, ಸರಕಾರ ನಡುವೆ ಬಂದು ತಡೆಯಬೇಕೆಂದು ಪಾರ್ಲಿಮೆಂಟಿನ ಸದಸ್ಯರೊಬ್ಬರು ಆಗ್ರಹಪಡಿಸಿದರು. ಎರಡೇ ವರ್ಷದಲ್ಲಿ, ಆತನಿಲ್ಲದೆಯೇ, 1990ರಲ್ಲಿ ಎಡ್ಮಂಟನ್ ಐದನೆಯದನ್ನು ಗೆದ್ದುಕೊಂಡಿತು. ಆ ಗೆಲುವಿನ ಮಾತು ಬಂದಾಗ ನಮ್ಮ ಇಂಜಿನಿಯರ ದನಿ ಬದಲಾಗುತ್ತಿತ್ತು. ಬಿಟ್ಟುಹೋದವನ ಮುಂದೆ ಬದುಕಿ ತೋರಿಸಿದ ಮನೆಯವರ ದನಿ ಅದು.

ಈ ವಾದಕ್ಕೆ ಕೊನೆಯೆಂಬುದುಂಟೆ? ಒಂದೇ ಒಂದು ವರ್ಷ ಇತಿಹಾಸ ತಾನಾಗಿ ಉತ್ತರ ಕೊಡಲು ಮುಂದೆ ಬಂದಿತ್ತು. ಮಹಾಮಾರಿಯ ಕಾರಣದಿಂದ ಗಡಿ ಮುಚ್ಚಿದ್ದಾಗ, 2020–21ರ ಋತುವಿನಲ್ಲಿ ಕೆನಡದ ಏಳೂ ತಂಡಗಳನ್ನು ಒಂದೇ ವಿಭಾಗದಲ್ಲಿಟ್ಟು, 56 ಪಂದ್ಯಗಳನ್ನೂ ತಮ್ಮತಮ್ಮಲ್ಲೇ ಆಡಿಸಿದರು. ಹಿತ್ತಲಿನ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ದ ಹಾಗಾಯಿತು. ಟೊರಾಂಟೊ 77 ಅಂಕಗಳಿಂದ ಮೊದಲು, ಎಡ್ಮಂಟನ್ 72ರಿಂದ ಎರಡನೆಯದು, ವಿನಿಪೆಗ್ 63ರಿಂದ ಮೂರನೆಯದು, ಮಾಂಟ್ರಿಯಲ್ 59ರಿಂದ ನಾಲ್ಕನೆಯದು. ಪ್ರಶ್ನೆ ತೀರಿತೆಂದು ಎಲ್ಲರೂ ತಿಳಿದರು. ಬಳಿಕ ಅಂತಿಮ ಹಂತ ಬಂದಿತು. ಮೂರನೆಯವರು ಎರಡನೆಯವರನ್ನು ಒಂದು ಪಂದ್ಯವನ್ನೂ ಬಿಟ್ಟುಕೊಡದೆ ಸೋಲಿಸಿದರು. ನಾಲ್ಕನೆಯವರು, ಒಂದಕ್ಕೆ ಮೂರು ಪಂದ್ಯಗಳ ಹಿನ್ನಡೆಯಿಂದ ಎದ್ದು, ಮೊದಲನೆಯವರನ್ನು ಏಳನೆಯ ಪಂದ್ಯದಲ್ಲಿ ಕೆಡವಿದರು. ಆ ಮೇಲೆ ಮೂರನೆಯವರನ್ನೂ ಸತತ ನಾಲ್ಕು ಪಂದ್ಯಗಳಲ್ಲಿ ಮುಗಿಸಿ, ಲಾಸ್ ವೇಗಸ್ಸನ್ನೂ ದಾಟಿ ಕೊನೆಯ ಸುತ್ತಿಗೆ ಹೋದರು. ಅಲ್ಲಿ ಫ್ಲಾರಿಡದ ಟ್ಯಾಂಪ ಬೇಯವರಿಗೆ ಸೋತರೆಂಬುದು ಬೇರೆ ಮಾತು. ಅಂಕಪಟ್ಟಿ ಒಂದು ಉತ್ತರವನ್ನು ಕೊಟ್ಟಿತು, ಆಟ ಅದನ್ನು ತಲೆಕೆಳಗು ಮಾಡಿತು. ಹಿತ್ತಲಿನವರಿಗೆ ಇದರಿಂದ ಬೇಸರವೇನೂ ಆಗಲಿಲ್ಲವಂತೆ. ವಾದಕ್ಕೆ ಇನ್ನೊಂದು ಆಧಾರ ಸಿಕ್ಕಿತಷ್ಟೆ.

ಆದರೆ ಈ ಹರಟೆಯೊಳಗೆ ಹರಟೆಯಲ್ಲದ ಒಂದು ಮುಳ್ಳಿದೆ. ನನ್ನ ತಂಡ ಹೊರಬಿದ್ದ ಮೇಲೆ, ಉಳಿದಿರುವ ಏಕೈಕ ಕೆನಡದ ತಂಡಕ್ಕೆ ನಾನು ಒಳ್ಳೆಯದನ್ನು ಬಯಸಬೇಕೆ? 2024ರಲ್ಲೂ 2025ರಲ್ಲೂ ಎಡ್ಮಂಟನ್ ಒಂದೇ ಉಳಿದಾಗ ಈ ಪ್ರಶ್ನೆ ದೇಶದ ತುಂಬ ಎದ್ದಿತು. ಎಡ್ಮಂಟನ್ನಿಗೂ ಕ್ಯಾಲ್ಗರಿಗೂ ಸುಮಾರು ಮುನ್ನೂರು ಕಿಲೋಮೀಟರು. ಒಂದೇ ಪ್ರಾಂತ, ಒಂದೇ ಎಣ್ಣೆಯ ಸಿರಿ, ದಾಯಾದಿ ಮತ್ಸರ. ಭಾವನ ಕ್ಯಾಲ್ಗರಿ ಸ್ನೇಹಿತರು ಹೇಳಿದರು: “ನಾನು ಕೆನಡಕ್ಕಾಗಿ ತೆರಿಗೆ ಕೊಡುತ್ತೇನೆ, ವೋಟು ಹಾಕುತ್ತೇನೆ. ಎಡ್ಮಂಟನ್ ಗೆಲ್ಲಲೆಂದು ಹಾರೈಸಬೇಕೆಂದರೆ ಅದು ನನ್ನಿಂದಾಗದು.” ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಅದೇ ಮನುಷ್ಯರು ಅದೇ ವರ್ಷದ ಫೆಬ್ರವರಿ 20ರ ರಾತ್ರಿಯ ಮಾತನ್ನೂ ಹೇಳಿದರು. ಕೆನಡವನ್ನು ತಮ್ಮ ಐವತ್ತೊಂದನೆಯ ಸಂಸ್ಥಾನ ಮಾಡಿಕೊಳ್ಳುವೆವೆಂದು ಅಮೆರಿಕದ ಅಧ್ಯಕ್ಷರು ಮೇಲಿಂದ ಮೇಲೆ ಆಡುತ್ತಿದ್ದ ದಿನಗಳವು. ನಾಲ್ಕು ದೇಶಗಳ ಪಂದ್ಯಾವಳಿಯ ಕೊನೆಯ ಪಂದ್ಯ ಬಾಸ್ಟನ್ನಿನಲ್ಲಿ, ಅಮೆರಿಕಕ್ಕೂ ಕೆನಡಕ್ಕೂ. ಎರಡೆರಡು ಗೋಲುಗಳಿಂದ ಸಮನಾಗಿ, ಹೆಚ್ಚುವರಿ ಕಾಲದಲ್ಲಿ ಕೆನಡ ಗೆದ್ದಿತು. ಗೆಲುವಿನ ಗೋಲು ಹೊಡೆದವನು ಎಡ್ಮಂಟನ್ನಿನ ಮೆಕ್‌ಡೇವಿಡ್. “ಆ ರಾತ್ರಿ ಕುರ್ಚಿಯ ಮೇಲೆ ಹತ್ತಿ ಕೂಗಿದೆ” ಎಂದರು ಕ್ಯಾಲ್ಗರಿಯವರು. “ಮಾರನೆಯ ದಿನ?” ಎಂದು ಕೇಳಿದೆ. “ಮಾರನೆಯ ದಿನ ಆತ ಮತ್ತೆ ಎಡ್ಮಂಟನ್ನಿನವನಾದ” ಎಂದರು.

ಇದನ್ನು ಸಣ್ಣತನವೆಂದು ತಳ್ಳಿಹಾಕುವವರುಂಟು. ನನಗೆ ಹಾಗೆ ಕಾಣುವುದಿಲ್ಲ. ದೇಶಾಭಿಮಾನವೆಂದರೆ ಊರಿನ ಅಭಿಮಾನವನ್ನು ಅಳಿಸಿ ಅದರ ಜಾಗದಲ್ಲಿ ಬರೆಯುವ ಅಕ್ಷರವಲ್ಲ. ಊರಿನ ಮೇಲೆ ಪ್ರೀತಿ ಇಲ್ಲದವನ ದೇಶಪ್ರೀತಿ ಬೇರಿಲ್ಲದ ಗಿಡ. ‘ನಮ್ಮಲ್ಲಿ ಯಾರು ಮೇಲು?’ ಎಂಬ ಪ್ರಶ್ನೆಯಲ್ಲಿ ಜಗಳವೆಲ್ಲ ‘ಯಾರು’ ಎಂಬ ಪದದಲ್ಲಿದೆ. ‘ನಮ್ಮಲ್ಲಿ’ ಎಂಬುದನ್ನು ಯಾರೂ ಪ್ರಶ್ನಿಸುವುದಿಲ್ಲ. ಆ ಸಪ್ತಮೀ ವಿಭಕ್ತಿಯ ಮಾಡಿನಡಿಯಲ್ಲಿ ಏಳು ಊರುಗಳೂ ಕುಳಿತು ಕಾದಾಡುತ್ತವೆ.

ಆ ಮಾಡಿನಡಿಗೆ ಹೊಸಬರೂ ಬಂದು ಸೇರುತ್ತಿದ್ದಾರೆ. 2008ರಿಂದ ಅಲ್ಲಿ ಹಾಕಿಯ ವೀಕ್ಷಕ ವಿವರಣೆ ಪಂಜಾಬಿಯಲ್ಲೂ ಪ್ರಸಾರವಾಗತೊಡಗಿತು. ಆಲ್ಬರ್ಟ ಪ್ರಾಂತದಲ್ಲಿ ಹುಟ್ಟಿ ಬೆಳೆದ ಹರನಾರಾಯಣ ಸಿಂಗ್ ಅದರಿಂದ ದೇಶಕ್ಕೆಲ್ಲ ಪರಿಚಿತರಾದರು. ಮಂಜನ್ನೇ ಕಾಣದ ಹಳ್ಳಿಗಳಿಂದ ಹೋದ ಅಜ್ಜ ಅಜ್ಜಿಯರು ಮೊಮ್ಮಕ್ಕಳ ಪಕ್ಕದಲ್ಲಿ ಕುಳಿತು ತಮ್ಮ ಮಾತಿನಲ್ಲೇ ಆ ಆಟವನ್ನು ಕೇಳುವಂತಾಯಿತು. ನನ್ನ ಅಕ್ಕನ ಮಗನಿಗೆ ಹನ್ನೆರಡು ವರ್ಷ, ಹುಟ್ಟಿದ್ದು ಅಲ್ಲಿಯೇ. ಅವನದು ಟೊರಾಂಟೊ ಪಕ್ಷ. “ಅಲ್ಲ ಕಣೋ, ಅರುವತ್ತೇಳರಿಂದ ಗೆದ್ದಿಲ್ಲ ಅಂತೀರಿ. ಗೆಲ್ಲೋ ತಂಡ ಒಂದನ್ನ ಆರಿಸಿಕೋಬಾರದೆ?” ಎಂದು ರೇಗಿಸಿದೆ. ಹುಡುಗ ನನ್ನನ್ನು ಕನಿಕರದಿಂದ ನೋಡಿ, “ಆರಿಸಿಕೊಳ್ಳೋದು ಹೇಗೆ ಮಾವ? ನಾವು ಇರೋದು ಇಲ್ಲಿ ತಾನೆ?” ಎಂದ. ತಾಯ್ತಂದೆಯರು ಪೌರತ್ವದ ಪತ್ರಕ್ಕೆ ಸಹಿ ಹಾಕಿ ಆ ದೇಶದವರಾದರು. ಮಗ ಒಂದು ಸೋಲುವ ತಂಡವನ್ನು ತನ್ನದೆಂದುಕೊಂಡು ಆದ. ಇದರಲ್ಲಿ ಯಾವುದು ಗಟ್ಟಿಯಾದ ಸಹಿಯೋ ನಾನು ಹೇಳಲಾರೆ.

ಇಷ್ಟು ಹೊತ್ತು ಬರುವ ವರ್ಷವನ್ನು ಎಲ್ಲರ ಸ್ವತ್ತೆಂಬಂತೆ ಮಾತನಾಡಿದೆ. ಅದು ಎಲ್ಲರಿಗೂ ಇರುವುದಲ್ಲ. ವಿನಿಪೆಗ್ಗಿನ ನರ್ಸ್ ಒಂದು ಸಂಜೆ ತನ್ನ ಬಾಲ್ಯದ ಮಾತು ತೆಗೆದಳು. ಡಾಲರಿನ ಏರುಪೇರು, ಹಳೆಯ ಕ್ರೀಡಾಮಂದಿರ, ಸಣ್ಣ ಊರಿನ ಸಣ್ಣ ಆದಾಯ ಇವೆಲ್ಲ ಕೂಡಿ ಅವರ ತಂಡ 1996ರಲ್ಲಿ ಅಮೆರಿಕದ ಫೀನಿಕ್ಸಿಗೆ ಮಾರಾಟವಾಗಿ ಹೋಯಿತು. ಅದನ್ನು ಉಳಿಸಿಕೊಳ್ಳಲು ಹಿಂದಿನ ವರ್ಷ ಊರಿಗೆ ಊರೇ ಚಂದಾ ಎತ್ತಿತ್ತು. ಮಕ್ಕಳು ಕೂಡ ಹುಂಡಿಯ ಕಾಸು ತಂದಿದ್ದರು. ಹದಿನೈದು ವರ್ಷ ಆ ಊರಿನಲ್ಲಿ ಲೀಗಿನ ತಂಡವಿರಲಿಲ್ಲ. 2011ರಲ್ಲಿ ಅಟ್ಲಾಂಟದ ತಂಡವನ್ನು ಕೊಂಡು ತಂದಾಗ, ವರ್ಷದ ಟಿಕೆಟುಗಳು 13,000 ಖರ್ಚಾಗಬೇಕೆಂದು ಗುರಿಯಿಟ್ಟರು. ಸಾರ್ವಜನಿಕರಿಗೆಂದು ಬಿಟ್ಟವು ನಿಮಿಷಗಳಲ್ಲಿ ತೀರಿಹೋದವು. “ಅಂಕಪಟ್ಟಿಯಲ್ಲಿ ಮೊದಲಾಗಿ ಎರಡನೆಯ ಸುತ್ತಿನಲ್ಲಿ ಸೋತಿರೆಂದು ನೀವೆಲ್ಲ ನಗುತ್ತೀರಿ” ಎಂದಳು ಆಕೆ. “ಸೋಲುವುದಕ್ಕೆ ನಮಗೊಂದು ತಂಡವಿದೆಯಲ್ಲ, ಅದೇ ನನಗೆ ಸಾಕು.” ಇಂಜಿನಿಯರು ಆ ಸಂಜೆ ಡಲ್ಲಸ್ಸಿನ ಹೆಸರೆತ್ತಲಿಲ್ಲ.

ಆ ಭಾಗ್ಯವೂ ಇಲ್ಲದ ಊರೊಂದಿದೆ: ಕ್ವಿಬೆಕ್ ನಗರ. ಅವರ ತಂಡವನ್ನು 1995ರಲ್ಲಿ ಅಮೆರಿಕದ ಡೆನ್ವರಿಗೆ ಒಯ್ದರು. ಒಯ್ದ ಮರುವರ್ಷವೇ, 1996ರಲ್ಲಿ, ಅದು ಸ್ಟ್ಯಾನ್ಲಿ ಬಟ್ಟಲನ್ನು ಗೆದ್ದಿತು. ಅಲ್ಲಿಯವರು ವರ್ಷಗಟ್ಟಲೆ ನೀರೆರೆದ ಮರ, ಬೇಲಿಯಾಚೆಗೆ ಹೋಗಿ ಫಲ ಬಿಟ್ಟಂತಾಯಿತು. ಮತ್ತೊಂದು ತಂಡ ಬಂದೀತೆಂದು ನಂಬಿ ಆ ನಗರ ಹದಿನೆಂಟು ಸಾವಿರ ಜನ ಕೂರುವ ಕ್ರೀಡಾಮಂದಿರವನ್ನು ಕಟ್ಟಿಸಿ 2015ರಲ್ಲಿ ಬಾಗಿಲು ತೆರೆಯಿತು. ಹತ್ತು ವರ್ಷ ಕಳೆದು 2025 ಬಂದರೂ ಲೀಗಿನ ತಂಡ ಅಲ್ಲಿಗೆ ಬಂದಿರಲಿಲ್ಲ.

ಹಿತ್ತಲಿನ ವಾದಗಳಲ್ಲಿ ಯಾರದು ಸರಿ ಎಂದು ತೂಗುವ ಗೋಜಿಗೆ ನಾನು ಹೋಗಲಿಲ್ಲ. ಪ್ರತಿ ವರ್ಷ ಅಕ್ಟೋಬರಿನಲ್ಲಿ ಹೊಸ ಋತುವಿನ ಅಂಕಪಟ್ಟಿ ಅಚ್ಚಾಗುವಾಗ, ಗೆದ್ದವರು ಸೋತವರೆನ್ನದೆ ಎಲ್ಲ ತಂಡಗಳ ಹೆಸರಿನ ಮುಂದೆಯೂ ಒಂದೊಂದು ಸೊನ್ನೆ ಇರುತ್ತದೆ. ಬೇಸಗೆಯುದ್ದಕ್ಕೂ ಆ ಏಳು ಊರಿನವರು ಜಗಳವಾಡುವುದು ಆ ಸೊನ್ನೆಯ ಮುಂದೆ ಏನು ಬರೆಯಬೇಕೆಂಬುದಕ್ಕಾಗಿ. ಕ್ವಿಬೆಕ್ಕಿನವರು ಕಟ್ಟಿಸಿ ಕಾದಿದ್ದು ಆ ಸೊನ್ನೆಗಾಗಿ.